ಎಳೆದರೆ ಬಿಚ್ಚುವ ಗಂಟು

ಫ್ಯಾನ್‌ಗಳು ತಿರುಗಿದವು. ಗಾಜಿನ ಬದಿಯೊಳಗೆ ನೀಲಿ ದೀಪ ಹತ್ತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಅಪ್ಪ ಗುಂಡಿ ಒತ್ತಿದ ಬೆರಳನ್ನು ಇನ್ನೂ ತೆಗೆದಿರಲಿಲ್ಲ. ಇದೊಂದು ಕೆಲಸಕ್ಕಾಗಿ ಅವರು ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಕನ್ನಡಕ ಒರೆಸಿಕೊಂಡು ಬಂದಿದ್ದರು.

"ಇಷ್ಟೇನಾ ಮಗಳೇ, ಇನ್ನೂ ಏನಾದ್ರೂ ಬರುತ್ತಾ?"

"ಇರಿ ಅಪ್ಪ. ಮೊದಲನೇ ಸಲ ಅಲ್ವಾ. ಕಣ್ಣು ಬಿಡೋಕೆ ಸ್ವಲ್ಪ ಹೊತ್ತು ತಗೊಳುತ್ತೆ" ಅಂದಳು ಮೊಳೆ.

ಅವಳ ನಿಜವಾದ ಹೆಸರು ಮನೆಯವರಿಗೇ ಮರೆತುಹೋಗಿತ್ತು. ಚಿಕ್ಕಂದಿನಲ್ಲಿ ಕೈಗೆ ಸಿಕ್ಕ ಮೊಳೆ, ತಿರುಪುಗಳನ್ನೆಲ್ಲ ಜೇಬಿಗೆ ಹಾಕಿಕೊಂಡು ಓಡಾಡುತ್ತಿದ್ದವಳಿಗೆ ಅಂಟಿದ ಹೆಸರು ಅದು. ಈಗ ಮೇಜಿನ ಮೇಲಿದ್ದ ಕಂಪ್ಯೂಟರಿನ ಒಂದೊಂದು ಬಿಡಿಭಾಗವನ್ನೂ ಆರಿಸಿ ತಂದು ಜೋಡಿಸಿದವಳು ಅವಳೇ. ನಿನ್ನೆ ಸಂಜೆಗೆ ಕೆಲಸ ಮುಗಿದಿತ್ತು. ಮೊದಲ ಸಲ ಅಪ್ಪನ ಕೈಯಲ್ಲೇ ಚಾಲೂ ಮಾಡಿಸಬೇಕೆಂದು ಗುಂಡಿ ಮುಟ್ಟದೆ ಬಿಟ್ಟಿದ್ದಳು.

ಕಾದರು. ಕಪ್ಪು ಕನ್ನಡಿಯಂತಾಗಿದ್ದ ಪರದೆಯಲ್ಲಿ ನಾಲ್ವರ ಮುಖಗಳು ಕಾಣಿಸುತ್ತಿದ್ದವು.

"ಕೂಸು ಉಸಿರಾಡ್ತಿದೆ. ಕಣ್ಣು ಬಿಡೋ ಲಕ್ಷಣ ಇಲ್ಲ" ಅಂದರು ಚಿಕ್ಕಪ್ಪ, ಬಾಗಿಲ ಪಕ್ಕದ ಕುರ್ಚಿಯಿಂದ.

ಚಿಕ್ಕಪ್ಪನಿಗೆ ಮುಖ್ಯರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ. ಹೋದ ತಿಂಗಳು ಮೊಳೆ ಅಲ್ಲಿಗೆ ಹೋಗಿ ರಿಪೇರಿ ಮೇಜಿನ ಕೆಲಸ ಕೇಳಿದ್ದಳು. ಕೌಂಟರಿನಲ್ಲಿ ಕೂತು ಫೋನ್ ತೆಗೆದುಕೋ ಅಂದಿದ್ದರು. ಅವಳು ಒಲ್ಲೆ ಅಂದು ಎದ್ದು ಬಂದು, ಮನೆಯಲ್ಲೇ ಒಂದು ಯಂತ್ರ ಕಟ್ಟಿ ತೋರಿಸುತ್ತೇನೆಂದು ಸಾರಿದ್ದಳು. ಆ ಮಾತನ್ನು ಚಿಕ್ಕಪ್ಪ ಬಂದ ಗಿರಾಕಿಗೆಲ್ಲ ಹೇಳಿ ನಗಿಸಿದ್ದರು.

ಆದರೆ ಕಿಟಕಿಯ ಬಳಿ ನಿಂತಿದ್ದ ಅಪ್ಪನ ಹಿರಿಮಗಳು ಅಕ್ಕನಿಗೆ ಆ ಪಂಥಕ್ಕಿಂತ ದೊಡ್ಡ ತಲೆನೋವಿತ್ತು.

ಹತ್ತಿರದ ಲಾಂಡ್ರಿಗೆ ಬೆಂಕಿ ಬಿದ್ದದ್ದು, ಅಲ್ಲಿ ಕೆಲಸಕ್ಕಿದ್ದ ಇಸ್ತ್ರಿಯಮ್ಮ ಇಸ್ತ್ರಿ ಪೆಟ್ಟಿಗೆ ಆರಿಸದೆ ಹೋದದ್ದರಿಂದ ಎಂದು ಮಾಲೀಕ ಪೊಲೀಸರಿಗೆ ದೂರು ಕೊಟ್ಟಿದ್ದ. ವಿಮೆ ಕಂಪನಿಯ ವಿಚಾರಣೆ ಇವತ್ತು ಮಧ್ಯಾಹ್ನ. ಲಾಂಡ್ರಿಯ ಬೂದಿಯಲ್ಲಿ ಅಕ್ಕನಿಗೆ ಸಿಕ್ಕ ಕ್ಯಾಮೆರಾದ ಡಿಸ್ಕು, ಮಸಿ ಹಿಡಿದಿದ್ದರೂ ಗಟ್ಟಿಯಾಗಿದ್ದದ್ದು, ಅವಳ ಬೀರುವಿನಲ್ಲಿತ್ತು. ಅದನ್ನು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಲಾಗುವುದಿಲ್ಲ. ಯಾವುದಾದರೂ ಅಂಗಡಿಗೆ ಕೊಟ್ಟರೆ ಸಂಜೆಯೊಳಗೆ ಸುದ್ದಿ ಮಾಲೀಕನ ಕಿವಿಯಲ್ಲಿರುತ್ತದೆ. ಈ ಹೊಸ ಯಂತ್ರ ಎದ್ದು ಕೂರದಿದ್ದರೆ ಇಸ್ತ್ರಿಯಮ್ಮ ಜೈಲು ನೋಡಬೇಕಾಗುತ್ತದೆ.

ಅಕ್ಕ ಹಿಂದೆ ವಿಮೆ ಕಂಪನಿಯಲ್ಲಿ ನಷ್ಟ ಪರಿಶೀಲಿಸುವ ಸರ್ವೇಯರ್ ಆಗಿದ್ದವಳು. ಸುಟ್ಟ ಗೋಡೌನು, ಮುಳುಗಿದ ದೋಣಿ, ಕಳುವಾಯಿತೆಂದು ಸುಳ್ಳು ದೂರು ಬಂದ ಕಾರು, ಎಲ್ಲವನ್ನೂ ನೋಡಿದವಳು. ಈಗ ಸ್ವಂತ ಪತ್ತೇದಾರಿ ಕೆಲಸ, ಇಸ್ತ್ರಿಯಮ್ಮ ಅವಳ ಕಕ್ಷಿದಾರಳು. ಬೀದಿಯಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು.

"ಮೊಳೆ, ಆರಿಸು. ಮೊದಲಿಂದ ನೋಡೋಣ."

"ಪರದೆ ವೈರ್ ಸರಿ ಇದೆ ಅಕ್ಕ. ಈಗ್ತಾನೆ ನೋಡ್ದೆ."

"ಮತ್ತೆ ನೋಡು."

ಮೊಳೆ ವೈರ್ ಕಿತ್ತು, ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿದಳು. ಪರದೆಯಲ್ಲಿ ಚಿತ್ರ ಬಂತು. ಪರದೆ ನಿರ್ದೋಷಿ, ವೈರೂ ನಿರ್ದೋಷಿ.

"ಶಾಖ ಹೀರೋ ಹೀಟ್‌ಸಿಂಕ್ ತಳದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತೆ. ಅದನ್ನ ತೆಗ್ದಿದ್ಯಾ?" ಚಿಕ್ಕಪ್ಪ ಕಾಲ ಮೇಲೆ ಕಾಲು ಹಾಕಿಕೊಂಡರು. "ಕೇಳಿದ್ದು ಯಾಕಂದ್ರೆ, ನಿಮ್ಮನೇಲಿ ರಿಮೋಟಿನ ಕವರೇ ಇನ್ನೂ ತೆಗ್ದಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದು ಹಂಗೇ ಇದೆ. ಈ ಸೋಫಾ ಮೇಲೆ ಕೂತ್ರೆ ಬೇಸಿಗೇಲಿ ಏಳೋಕಾಗಲ್ಲ."

"ಅದು ಧೂಳಿಗೆ ಕಣೋ" ಅಂದರು ಅಪ್ಪ.

"ತೆಗ್ದಿದೀನಿ ಚಿಕ್ಕಪ್ಪ."

"ತೆಗ್ದಿದೀನಿ ಅಂತ ಎಲ್ರೂ ಹೇಳ್ತಾರೆ. ನನ್ನ ಅಂಗಡಿಗೆ ಬಂದು ಎಲ್ರೂ ಅದನ್ನೇ ಹೇಳ್ತಾರೆ."

ಅಪ್ಪ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಅಂಗೈಯಗಲದ ಒಂದು ಪಾರದರ್ಶಕ ಹಾಳೆಯಿತ್ತು. ಅದರ ಮೇಲೆ ಎಚ್ಚರಿಕೆಯ ಸಣ್ಣ ಅಕ್ಷರಗಳು.

"ಇದೇ ಅಲ್ವಾ? ಮೊಳೆ ಬಿಸಾಕಿದ್ಲು. ನಾನು ಎತ್ತಿಟ್ಕೊಂಡೆ. ಒಳ್ಳೇ ಹಾಳೆ, ಎಸೆಯೋಕೆ ಮನಸ್ಸು ಬರಲಿಲ್ಲ."

ಅಕ್ಕನಿಗೆ ನಗು ಬಂತು. ಇಷ್ಟು ಗಟ್ಟಿ ಸಾಕ್ಷಿ ಅವಳಿಗೆ ನ್ಯಾಯಾಲಯದಲ್ಲೂ ಸಿಕ್ಕಿರಲಿಲ್ಲ. ಚಿಕ್ಕಪ್ಪ ಹಾಳೆಯನ್ನು ಎರಡೂ ಕಡೆ ತಿರುಗಿಸಿ ನೋಡಿ ವಾಪಸು ಕೊಟ್ಟರು.

ಮೊಳೆ ಕಂಪ್ಯೂಟರ್ ಪೆಟ್ಟಿಗೆಯ ಗಾಜು ಬಿಚ್ಚಿ ಬದಿಗಿಟ್ಟಳು. ಒಳಗೆ ಎಲ್ಲವೂ ಅಚ್ಚುಕಟ್ಟು. ಅಪ್ಪನ ಜೀವಮಾನದ ಕಸುಬು ಪುಸ್ತಕ ಬೈಂಡಿಂಗು. ಆ ಮನೆಯಲ್ಲಿ ಹುಟ್ಟಿದವಳಿಗೆ ಸೊಟ್ಟಗೆ ಹೋದ ದಾರ ಕಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ. ವೈರುಗಳನ್ನೆಲ್ಲ ಒಟ್ಟು ಹಿಡಿದು, ಅಂಗಡಿಯವರು ಬಿಗಿಯುವ ಪ್ಲಾಸ್ಟಿಕ್ ಪಟ್ಟಿಯ ಬದಲು ಅಪ್ಪನ ಮೇಣ ಹಚ್ಚಿದ ದಾರದಿಂದ ಕಟ್ಟಿದ್ದಳು. ಗಂಟುಗಳು ಚಪ್ಪಟೆ. ತುದಿಗಳನ್ನು ಗಂಟಿನ ಬುಡಕ್ಕೇ ಕತ್ತರಿಸಿದ್ದಳು.

"ಇದರ ಒಳಗೊಂದು ಪುಟ್ಟ ಸ್ಪೀಕರಿದೆ" ಅಂದಳು ಅಕ್ಕನಿಗೆ. "ಎಲ್ಲ ಸರಿ ಇದ್ರೆ ಒಂದು ಸಲ ಬೀಪ್ ಅನ್ನುತ್ತೆ. ಏನಾದ್ರೂ ಕೆಟ್ಟಿದ್ರೆ ತುಂಬ ಸಲ ಅನ್ನುತ್ತೆ. ಇದು ಬಾಯೇ ಬಿಡ್ತಿಲ್ಲ."

"ಬಾಯಿ ಬಿಡಿಸೋಕಾಗುತ್ತಾ?"

ಮೊಳೆ ಯೋಚಿಸಿದಳು. "ಆಗುತ್ತೆ. ರ್ಯಾಮ್ ಕಿತ್ತು ಹಾಕಿದ್ರೆ ಕಿರುಚಲೇಬೇಕು. ನೆನಪೇ ಇಲ್ಲ ಅಂತ."

ರ್ಯಾಮಿನ ಎರಡೂ ಪಟ್ಟಿಗಳನ್ನು ಕಿತ್ತಳು. ಗುಂಡಿ ಒತ್ತಿದಳು. ಫ್ಯಾನ್ ತಿರುಗಿದವು, ನೀಲಿ ದೀಪ ಹತ್ತಿತು. ಕಿರುಚಾಟ ಇಲ್ಲ.

"ಹಲ್ಲು ಕಿತ್ರೂ ಅಳದ ಮಗು" ಅಂದಳು ಅಕ್ಕ. "ಅಂದ್ರೇನು?"

"ಪ್ರಜ್ಞೆಯೇ ಇಲ್ಲ ಅಂತ. ಪ್ರೊಸೆಸರ್ ಎದ್ದಿಲ್ಲ. ಅಳೋಕೂ ಅದೇ ಎದ್ದಿರ್ಬೇಕು."

"ಪ್ರೊಸೆಸರ್ ಏಳೋಕೆ ಏನು ಬೇಕು?"

"ಕರೆಂಟು. ಅದಕ್ಕೆ ಬೇರೇನೇ ವೈರಿದೆ. ಅದನ್ನ ಹಾಕಿದೀನಿ."

"ನೋಡಿದ್ಯಾ?"

"ನೋಡೋದೇನು, ನಾನೇ ಹಾಕಿದ್ದು. ಟಕ್ ಅಂತು. ಕೈಗೂ ಗೊತ್ತಾಯ್ತು."

"ಹಾಕಿದೀನಿ ಅನ್ನೋದು ನಿನ್ನ ಹೇಳಿಕೆ. ಅದು ಈಗ ಅಲ್ಲಿದೆ ಅನ್ನೋದು ಸಾಕ್ಷಿ. ನನಗೆ ಸಾಕ್ಷಿ ಬೇಕು."

ಆ ವೈರು ಹೋಗಿ ಸೇರುವ ಕಿಂಡಿ ಬೋರ್ಡಿನ ಮೇಲ್ಮೂಲೆಯಲ್ಲಿ, ದೊಡ್ಡ ಫ್ಯಾನಿನ ಹಿಂದೆ ಅಡಗಿತ್ತು. ನೇರವಾಗಿ ನೋಡಿದರೆ ವೈರು ಒಳಗೆ ಹೋದದ್ದು ಕಾಣುತ್ತದೆ, ಅಷ್ಟೆ. ಅಕ್ಕ ತನ್ನ ಚೀಲದಿಂದ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಕನ್ನಡಿ ತೆಗೆದಳು. ಸುಟ್ಟ ಗೋಡೆಗಳ ಹಿಂದೆ ಇಣುಕಲು ಬಳಸುತ್ತಿದ್ದ ಕನ್ನಡಿ. ಟಾರ್ಚ್ ಹಾಕಿ ಅದನ್ನು ಫ್ಯಾನಿನ ಹಿಂದಕ್ಕೆ ಇಳಿಸಿದಳು.

ಪ್ಲಗ್ಗು ಕಿಂಡಿಯ ಬಾಯಿಗೆ ಒರಗಿಕೊಂಡಿತ್ತು. ಒಳಗೆ ಹೋಗಿರಲಿಲ್ಲ.

ಬೆರಳಿನಿಂದ ಮುಟ್ಟಿದಳು. ಅಲುಗಾಡಿತು.

ಮೊದಲು ಚಿಕ್ಕಪ್ಪನ ನಗು ಬಂತು. ಆಮೇಲೆ ಮಾತು. "ಬೆಟ್ಟ ಅಗೆದು ಇಲಿ ಹಿಡಿದಂಗಾಯ್ತು. ವೈರ್ ಚುಚ್ಚೋದನ್ನೇ ಮರ್ತಿದ್ದಾಳೆ. ಇವಳಿಗೆ ರಿಪೇರಿ ಮೇಜು ಬೇಕಂತೆ."

ಮೊಳೆಯ ಕಿವಿ ಕೆಂಪಾಯಿತು. ಅವಳು ಅಪ್ಪನ ಕಡೆ ನೋಡಲಿಲ್ಲ. "ನಾನು ಹಾಕಿದ್ದೆ" ಅಂದಳು, ಯಾರಿಗೂ ಅಲ್ಲದೆ. ಕೈ ಆಗಲೇ ಪ್ಲಗ್ಗಿನ ಕಡೆ ಹೋಗುತ್ತಿತ್ತು.

"ಮುಟ್ಟಬೇಡ" ಅಂದಳು ಅಕ್ಕ.

"ಏನಕ್ಕೆ? ಸಿಕ್ತಲ್ಲ."

"ಏನಾಗಿದೆ ಅಂತ ಸಿಕ್ತು. ಯಾರು ಅಂತ ಸಿಕ್ಕಿಲ್ಲ. ಈ ಗಂಟು ನೋಡು."

ಆ ವೈರು ಮೇಲಕ್ಕೆ ಏರುವ ಕಡೆ ಒಂದು ಕಟ್ಟಿತ್ತು. ಅದೇ ಮೇಣದ ದಾರ. ಆದರೆ ಗಂಟು ಚಪ್ಪಟೆಯಾಗಿರಲಿಲ್ಲ. ಒಂದು ಕುಣಿಕೆ ಬಿಟ್ಟು, ಉದ್ದನೆಯ ಬಾಲ ಇಳಿಬಿಟ್ಟಿತ್ತು. ಬಾಲ ಎಳೆದರೆ ಇಡೀ ಗಂಟು ಬಿಚ್ಚಿಕೊಳ್ಳುತ್ತದೆ. ಪ್ಲಗ್ಗು ಜಾರಿ ಕೆಳಗೆ ಬೀಳದಂತೆ, ಕಿಂಡಿಗೆ ಒರಗಿಯೇ ನಿಲ್ಲುವಂತೆ ಆ ಕಟ್ಟು ಹಿಡಿದಿಟ್ಟಿತ್ತು.

ಮೊಳೆ ಬಗ್ಗಿ ನೋಡಿದಳು. ಅವಳ ಮುಖ ಬದಲಾಯಿತು. ನಾಚಿಕೆ ಹೋಗಿ ಆ ಜಾಗದಲ್ಲಿ ಸಿಟ್ಟು ಬಂದು ಕೂತಿತು.

"ಇದು ನನ್ನದಲ್ಲ."

"ಸಿಕ್ಕಿಹಾಕ್ಕೊಂಡ ಮೇಲೆ ಎಲ್ರೂ ಹಂಗೇ ಅಂತಾರೆ" ಅಂದರು ಚಿಕ್ಕಪ್ಪ.

ಅಪ್ಪ ಕನ್ನಡಕ ಏರಿಸಿಕೊಂಡು ಬಂದರು. ಗಂಟನ್ನು ನೋಡಿದರು. ಪಕ್ಕದ ಗಂಟುಗಳನ್ನು ನೋಡಿದರು. "ಇವೆಲ್ಲ ನಾನು ಕಲಿಸಿದ್ದು. ಆ ಒಂದು ಅಲ್ಲ. ಬಾಲ ಬಿಟ್ಟು ಗಂಟು ಹಾಕಿದ್ರೆ ನಾನು ಇವಳ ಬೆರಳಿಗೆ ಸ್ಕೇಲಲ್ಲಿ ಹೊಡೀತಿದ್ದೆ. ನನ್ನ ಮಗಳ ಕೆಲಸ ನನಗೆ ಗೊತ್ತಾಗಲ್ವಾ?" ಒಳಗೆ ಬೆರಳು ತೋರಿಸಿ, "ಒಳಗೆಲ್ಲ ಎಷ್ಟು ನೀಟಾಗಿ ಮಾಡಿದ್ದಾಳೆ ನೋಡು. ಹೊಲಿದ ಪುಸ್ತಕದ ಬೆನ್ನು ಇದ್ದ ಹಾಗಿದೆ" ಅಂದರು ತಮ್ಮನಿಗೆ.

ಚಿಕ್ಕಪ್ಪ ಕಾಲ ಮೇಲಿನ ಕಾಲು ಇಳಿಸಿದರು. ಅಣ್ಣ ಯಾರನ್ನೂ ಹೊಗಳಿದ್ದನ್ನು ಅವರು ಕೇಳಿದ್ದು ಕಡಿಮೆ.

"ನಿನ್ನೆ ಕೆಲಸ ಮುಗಿದ ಮೇಲೆ ಈ ಕೋಣೆಗೆ ಯಾರ್ಯಾರು ಬಂದ್ರು?" ಅಕ್ಕ ಕೇಳಿದಳು.

"ಅಪ್ಪ ಬಂದ್ರು, ಒರೆಸಿ ಹೋದ್ರು. ಚಿಕ್ಕಪ್ಪ ಬಂದ್ರು, ನಕ್ಕು ಹೋದ್ರು." ಮೊಳೆ ನೆನಪಿಸಿಕೊಂಡಳು. "ಅದಕ್ಕೂ ಮುಂಚೆ ಇಸ್ತ್ರಿಯಮ್ಮ. ಬಟ್ಟೆ ಕೊಡೋಕೆ ಬಂದಿದ್ರು. ಏನಮ್ಮ ಇದು ಅಂತ ಕೇಳಿದ್ರು. ಎಲ್ಲ ತೋರಿಸ್ದೆ."

"ಎಲ್ಲ ಅಂದ್ರೆ?"

ಮೊಳೆಯ ದನಿ ಸಣ್ಣದಾಯಿತು. "ಇದು ಹೊಟ್ಟೆ, ಇದು ನೆನಪು, ಇದು ತಲೆ ಅಂತ. ಈ ವೈರ್ ತಲೆಗೆ ಊಟ ಕೊಡೋದು, ಇದೊಂದು ಇಲ್ದಿದ್ರೆ ಫ್ಯಾನ್ ತಿರುಗುತ್ತೆ, ದೀಪ ಹತ್ತುತ್ತೆ, ತಲೆ ಮಾತ್ರ ಓಡಲ್ಲ ಅಂತ. ಹೇಗೆ ಒತ್ತಿ ಬಿಚ್ಚೋದು ಅಂತಾನೂ ತೋರಿಸ್ದೆ. ಆಮೇಲೆ ಅವರಿಗೆ ಟೀ ತರೋಕೆ ಹೋದೆ."

ಕಳ್ಳನ ಕೈಗೆ ಕೀಲಿಕೈ ಕೊಟ್ಟು, ಬಾಗಿಲು ಯಾವ ಕಡೆ ತೆರೆಯುತ್ತದೆಂದು ಪಾಠ ಬೇರೆ ಮಾಡಿದ್ದಳು. ಅಕ್ಕ ಬೈಯಲಿಲ್ಲ. ಮೊದಲ ಸಲ ಏನನ್ನಾದರೂ ಕಟ್ಟಿದವರು ತೋರಿಸದೆ ಇರುವುದಿಲ್ಲ.

ಸೋಫಾದ ಪ್ಲಾಸ್ಟಿಕ್ಕಿನ ಮೇಲೆ ನಿನ್ನೆ ಬಂದ ಬಟ್ಟೆಯ ಕಟ್ಟು ಇನ್ನೂ ಬಿಚ್ಚದೆ ಕೂತಿತ್ತು. ಹಳೆಯ ಬಟ್ಟೆಯ ಅಂಚಿನಿಂದ ಕಟ್ಟಿದ ಗಂಟು. ಒಂದು ಕುಣಿಕೆ. ಒಂದು ಉದ್ದನೆಯ ಬಾಲ.

ಅಕ್ಕ ವೈರಿನ ಮೇಲಿದ್ದ ದಾರವನ್ನು ಗಂಟು ಕೆಡದಂತೆ ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ತನ್ನ ಕಕ್ಷಿದಾರಳೇ ತನ್ನ ಸಾಕ್ಷಿಯ ಕತ್ತು ಹಿಸುಕಿದ್ದಳು. ಇಷ್ಟು ವರ್ಷದ ಕೆಲಸದಲ್ಲಿ ಅವಳಿಗೆ ಇದು ಹೊಸದು.

"ನಾನು ಬರೋವರೆಗೆ ಗುಂಡಿ ಒತ್ತಬೇಡ."

"ಪ್ಲಗ್ ಹಾಕ್ಲಾ?"

"ಹಾಕು. ಹಾಕಿ ಕಾಯ್ತಾ ಇರು."

*

ಇಸ್ತ್ರಿಯಮ್ಮನ ಕೋಣೆ ಎರಡು ಬೀದಿ ಆಚೆ, ಸೈಕಲ್ ಅಂಗಡಿಯ ಹಿಂಬದಿ. ಲಾಂಡ್ರಿ ಸುಟ್ಟಮೇಲೆ ಅವಳು ಮನೆಯಲ್ಲೇ ಕೆಲಸ ಮಾಡುತ್ತಿದ್ದಳು. ಮೇಜಿನ ಮೇಲೆ ಮಡಿಸಿದ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ನೀರು ಚಿಮುಕಿಸುವ ಸೀಸೆ. ಕೋಣೆಯಲ್ಲಿ ಬಿಸಿ ಹತ್ತಿಯ ವಾಸನೆ.

"ಬನ್ನಿ ಅಕ್ಕ. ಕಂಪ್ಯೂಟರು ಶುರುವಾಯ್ತಾ?"

ಕೇಳಿದ ರೀತಿ ಸಹಜವಾಗಿತ್ತು. ಸ್ವಲ್ಪ ಹೆಚ್ಚೇ ಸಹಜವಾಗಿತ್ತು.

"ಇಲ್ಲ" ಅಂದಳು ಅಕ್ಕ. ಸ್ಟೂಲು ಎಳೆದುಕೊಂಡು ಕೂತಳು. "ನೀವು ಕೆಲಸ ಮುಗಿಸಿ."

ಇಸ್ತ್ರಿಯಮ್ಮ ಅಂಗಿಯ ಕಾಲರ್ ಮೇಲೆ ಪೆಟ್ಟಿಗೆ ಓಡಿಸಿದಳು, ಹೊರಗಿನಿಂದ ಒಳಕ್ಕೆ. ತೋಳು ಮಡಿಸಿದಳು. ಅಂಗಿಯನ್ನು ಕಟ್ಟಿನ ಮೇಲಿಟ್ಟು ಪೆಟ್ಟಿಗೆಯನ್ನು ನಿಲ್ಲಿಸಿ, ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತಳು. ಆಮೇಲೆ ಬಟ್ಟೆಯ ಅಂಚು ಸುತ್ತಿ ಕಟ್ಟು ಬಿಗಿದಳು. ಅವಳ ಬೆರಳುಗಳು ತಮ್ಮ ಪಾಡಿಗೆ ತಾವು ಒಂದು ಕುಣಿಕೆ ಮಾಡಿ, ಬಾಲ ಇಳಿಬಿಟ್ಟವು.

ಅಕ್ಕ ಜೇಬಿನಿಂದ ದಾರ ತೆಗೆದು ಆ ಗಂಟಿನ ಪಕ್ಕದಲ್ಲಿಟ್ಟಳು.

ಇಸ್ತ್ರಿಯಮ್ಮ ಅದನ್ನು ನೋಡಿದಳು. "ಗಂಟು ಎಲ್ಲರೂ ಹಾಕ್ತಾರೆ."

"ಎಲ್ಲರೂ ಹಾಕ್ತಾರೆ. ಮುಂದೆ ಬಿಚ್ಚೋರಿಗೆ ಕಷ್ಟ ಆಗಬಾರದು ಅಂತ ಹಾಕೋರು ಕಡಿಮೆ. ಕೆಡಿಸೋಕೆ ಬಂದವರು ಯಾರೂ ಹಾಗೆ ಹಾಕಲ್ಲ."

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಆ ವೈರ್ ಕತ್ತರಿಸಬಹುದಿತ್ತು" ಅಂದಳು ಇಸ್ತ್ರಿಯಮ್ಮ ಕೊನೆಗೆ. "ಕತ್ತರಿ ಅಲ್ಲೇ ಇತ್ತು. ಕೈ ಬರಲಿಲ್ಲ. ಆ ಹುಡುಗಿ ಒಂದೊಂದನ್ನೂ ಮುಟ್ಟಿ ಮುಟ್ಟಿ ತೋರಿಸಿದ್ಲು. ನನ್ನ ಮಗಳಾಗಿದ್ರೆ ಬೀದಿಯವರನ್ನೆಲ್ಲ ಕರ್ಕೊಂಡು ಬಂದು ತೋರಿಸ್ತಿದ್ದೆ. ಕಿತ್ತು, ಹಾಗೇ ಒರಗಿಸಿಟ್ಟೆ. ನಾಳೆ ನಾಡಿದ್ದು ಸಿಗುತ್ತೆ ಅವಳಿಗೆ ಅಂತ. ಇವತ್ತೊಂದು ದಿನ ಕಳೀಲಿ ಅಂತ."

"ಇವತ್ತು ಯಾಕೆ?"

"ಇವತ್ತು ಮಧ್ಯಾಹ್ನ ನಾನೇ ಒಪ್ಕೊಳ್ತೀನಿ."

"ಏನಂತ?"

"ತಪ್ಪು ನಂದೇ ಅಂತ."

"ಯಾರನ್ನ ಉಳಿಸ್ತಿದೀರಿ ಅಮ್ಮ?"

"ನನ್ನನ್ನೇ."

"ನಿಮ್ಮನ್ನ ಉಳಿಸೋದು ಆ ಡಿಸ್ಕು. ಅದನ್ನ ತಡೆದೋರು ನೀವು. ಲೆಕ್ಕ ಕೂಡ್ತಿಲ್ಲ."

ಇಸ್ತ್ರಿಯಮ್ಮ ಕಟ್ಟನ್ನು ಎತ್ತಿ ಗೋಡೆಯ ಹಲಗೆಯ ಮೇಲಿಟ್ಟಳು. ಅಲ್ಲಿದ್ದ ಕಟ್ಟುಗಳೆಲ್ಲ ಒಂದೇ ಅಳತೆ, ಒಂದೇ ಅಂಚು. ಅಕ್ಕ ಅವುಗಳನ್ನು ನೋಡುತ್ತಿದ್ದಳು. ಸುಳ್ಳು ಹೇಳುವವರನ್ನು ಹಿಡಿಯಲು ಅವಳಿಗೊಂದು ದಾರಿ ಗೊತ್ತಿತ್ತು. ಸುಳ್ಳನ್ನು ಅವರ ಬಾಯಿಂದಲೇ ಪೂರ್ತಿ ಹೇಳಿಸುವುದು.

"ಸರಿ. ಮಧ್ಯಾಹ್ನ ಅಲ್ಲಿ ತಪ್ಪು ನಂದೇ ಅಂದ್ರೆ ಸಾಲಲ್ಲ. ಬಿಡಿಸಿ ಹೇಳಬೇಕು. ಈಗ ನನ್ನ ಮುಂದೆ ಹೇಳಿ. ನಾನು ಇಸ್ತ್ರಿ ಪೆಟ್ಟಿಗೆ ಆರಿಸೋದು ಮರ್ತೆ. ಬಟ್ಟೆ ಮೇಲೇ ಬಿಟ್ಟು ಹೋದೆ. ಹೇಳಿ."

"ನಾನು..." ಅಂದಳು ಇಸ್ತ್ರಿಯಮ್ಮ.

"ಹ್ಞೂಂ."

"ನಾನು ಪೆಟ್ಟಿಗೆ..."

ಅವಳ ಬೆರಳಿನ ತುದಿಗಳು, ಬಿಸಿಗೆ ದಪ್ಪಗಾಗಿ ಹೊಳೆಯುವ ಚರ್ಮ, ಕಂಬಳಿಯನ್ನು ಹಿಡಿದುಕೊಂಡವು. ಮಾತು ಅಲ್ಲಿಂದ ಮುಂದೆ ಹೋಗಲಿಲ್ಲ.

"ಈ ಕೈಯಲ್ಲಿ ಒಂದು ಕಾಲರ್ ಸುಟ್ಟಿಲ್ಲ ಅಕ್ಕ" ಅಂದಳು. "ರೇಷ್ಮೆ ಕೊಟ್ರೂ ಸುಟ್ಟಿಲ್ಲ. ಮದುವಣಗಿತ್ತಿ ಬಟ್ಟೆ ನಾನೇ ಮಾಡ್ಬೇಕು ಅಂತ ದೂರದಿಂದ ಹುಡುಕ್ಕೊಂಡು ಬರೋರು. ಪೆಟ್ಟಿಗೆ ಬಿಟ್ಟು ಹೋದ್ಲು ಅಂತ ಆ ಮಾಲೀಕ ದೂರು ಬರೆಸಿದ ದಿನ ನಾನು ಊಟ ಮಾಡಿಲ್ಲ. ಜೈಲಿಗೆ ಹೆದರಿ ಅಲ್ಲ. ಆ ಮಾತಿಗೆ."

"ಮತ್ತೆ ಅದೇ ಮಾತನ್ನ ನೀವೇ ಹೇಳೋಕೆ ಹೊರಟಿದೀರಿ."

"ಹೇಳ್ತೀನಿ ಅಂದ್ಕೊಂಡಿದ್ದೆ. ಬಾಯಿಗೆ ಬರ್ತಿಲ್ಲ."

"ಆ ಸಂಜೆ ನೀವು ಹೊರಟ ಮೇಲೆ ಒಳಗೆ ಯಾರು ಬಂದ್ರು?"

ಇಸ್ತ್ರಿಯಮ್ಮ ಅಕ್ಕನನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಭಯವಿರಲಿಲ್ಲ. ಅಕ್ಕನಿಗೆ ಅದು ಅರ್ಥವಾಗಲಿಲ್ಲ. ಅದು ಮರುಕದಂತೆ ಕಾಣುತ್ತಿತ್ತು.

"ಉಂಡ ಮನೆ ಜಂತೆ ಎಣಿಸೋಳಲ್ಲ ನಾನು. ಇದರ ಮೇಲೆ ಕೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಆ ಡಿಸ್ಕು ನೋಡಬೇಡಿ."

"ನನಗೆ ಕೇಸು ಕೊಟ್ಟಿದ್ದು ನೀವು."

"ಕೊಟ್ಟಾಗ ಅದರೊಳಗೆ ಚಿತ್ರ ಉಳಿದಿದೆ ಅಂತ ಗೊತ್ತಿರಲಿಲ್ಲ. ಈ ಮಷೀನಲ್ಲಿ ಅದನ್ನ ನೋಡ್ತೀರಿ ಅಂತ ನಿನ್ನೆ ಮೊಳೆ ಹೇಳಿದಾಗಲೇ ಗೊತ್ತಾಗಿದ್ದು."

ಅಕ್ಕ ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿದಳು. "ನೀವು ಈಗ ಪೆಟ್ಟಿಗೆ ಆರಿಸಿ ಪ್ಲಗ್ಗೂ ಕಿತ್ರಿ. ನಾನು ಕೂತಿದ್ದೆ, ಮಾತಾಡ್ತಿದ್ದೆ, ನೀವು ಗಾಬರೀಲಿದ್ರಿ. ಆದ್ರೂ ಕಿತ್ರಿ. ಯಾರು ಏನೇ ಹೇಳಲಿ, ಅವತ್ತು ನೀವು ಆರಿಸದೆ ಹೋಗಿಲ್ಲ. ಅಷ್ಟನ್ನ ನಾನು ಪ್ರಮಾಣ ಮಾಡಿ ಹೇಳ್ತೀನಿ."

ಇಸ್ತ್ರಿಯಮ್ಮ ಮುಖ ತಿರುಗಿಸಿ ಹಲಗೆಯ ಮೇಲಿನ ಕಟ್ಟುಗಳನ್ನು ಸರಿಮಾಡತೊಡಗಿದಳು. ಅವು ಮೊದಲೇ ಸರಿಯಾಗಿದ್ದವು.

ದಾರಿಯುದ್ದಕ್ಕೂ ಅಕ್ಕ ಮಾಲೀಕನ ಬಗ್ಗೆ ಯೋಚಿಸಿದಳು. ಉಂಡ ಮನೆ ಅಂದರೆ ಅವನದೇ ಇರಬೇಕು. ಆದರೆ ಅವನು ಒಂದು ಲೋಟ ನೀರನ್ನೂ ಪುಕ್ಕಟೆ ಕೊಡುವ ಆಸಾಮಿಯಲ್ಲ.

*

ಅಕ್ಕ ಹೇಳಿದಂತೆ ಮೊಳೆ ಕಾದಿದ್ದಳು. ರ್ಯಾಮ್ ಪಟ್ಟಿಗಳು ಮತ್ತೆ ಜಾಗದಲ್ಲಿದ್ದವು, ಪ್ಲಗ್ಗು ಒಳಗೆ ಹೋಗಿತ್ತು. ಅದರ ಮೇಲೆ ಹೊಸ ದಾರ, ಚಪ್ಪಟೆ ಗಂಟು. ಈ ಸಲ ಅಕ್ಕ ಕೇಳುವ ಮೊದಲೇ ಕನ್ನಡಿ ಇಟ್ಟು ತೋರಿಸಿದಳು.

"ಸಾಕ್ಷಿ" ಅಂದಳು.

ಚಿಕ್ಕಪ್ಪ ಹೋಗಿರಲಿಲ್ಲ. ಅದೇ ಕುರ್ಚಿಯಲ್ಲಿ ಕೂತು ಅಂಗಡಿಗೆ ಫೋನ್ ಮಾಡಿ, ಇನ್ನೊಂದು ಸ್ವಲ್ಪ ಹೊತ್ತು ನೋಡ್ಕೊಳಿ ಅಂದಿದ್ದರು. ಸೋತ ಪಂಥವನ್ನಾದರೂ ಕಣ್ಣಾರೆ ನೋಡಿ ಹೋಗಬೇಕೆಂಬುದು ಅವರ ಸ್ವಭಾವ.

"ಅಪ್ಪ, ಬನ್ನಿ."

ಅಪ್ಪ ಬಂದು ಗುಂಡಿ ಒತ್ತಿದರು.

ಫ್ಯಾನ್ ತಿರುಗಿದವು. ನೀಲಿ ದೀಪ ಹತ್ತಿತು. ಆಮೇಲೆ, ಎಲ್ಲೋ ಒಳಗಿನಿಂದ, ಒಂದೇ ಒಂದು ಬೀಪ್.

ಪರದೆ ಬೆಳಗಿತು. ಬಿಳಿ ಅಕ್ಷರಗಳು ಸಾಲುಸಾಲಾಗಿ ಬಂದವು. ಪ್ರೊಸೆಸರಿನ ಹೆಸರು, ನೆನಪಿನ ಅಳತೆ, ಎಲ್ಲವೂ ಮೊಳೆ ಆರಿಸಿ ತಂದದ್ದೇ. ಅವಳು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು, ಹಾಜರಿ ಕರೆಯುವ ಮೇಷ್ಟರ ಹಾಗೆ.

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತರು.

"ವೈರುಗಳನ್ನ ಚೆನ್ನಾಗಿ ಕಟ್ಟಿದ್ದೀಯ" ಅಂದರು ಚಿಕ್ಕಪ್ಪ ಹಿಂದಿನಿಂದ. "ನನ್ನ ಹುಡುಗರು ಹೀಗೆ ಕಟ್ಟಲ್ಲ." ಫೋನು ಜೇಬಿಗೆ ಹಾಕಿಕೊಂಡು, "ಸೋಮವಾರ ಬಾ. ಮೇಜು ನೋಡೋಣ."

"ಫೋನ್ ಯಾರು ತಗೋತಾರೆ?"

"ನಾನೇ ತಗೋತೀನಿ ಬಿಡು."

ಅಕ್ಕ ಬೀರುವಿನ ಬೀಗ ತೆಗೆದು, ಬಟ್ಟೆಯಲ್ಲಿ ಸುತ್ತಿದ ಡಿಸ್ಕು ತಂದಳು. ಚಿಕ್ಕಪ್ಪನ ಕಡೆ ನೋಡಿ ತಡೆದಳು. ಹೊರಗಿನವರ ಮುಂದೆ ತೆರೆಯುವ ವಸ್ತು ಅಲ್ಲ ಅದು.

ಮೊಳೆಗೆ ಅರ್ಥವಾಯಿತು. "ಅವರೂ ನೋಡ್ಲಿ ಅಕ್ಕ" ಅಂದಳು ಮೆಲ್ಲಗೆ. "ಬರೀ ದೀಪ ಹತ್ತೋದಲ್ಲ, ಕೆಲಸಾನೂ ಮಾಡುತ್ತೆ ಅಂತ ನೋಡ್ಲಿ."

ಇಷ್ಟು ಗೆದ್ದವಳಿಗೆ ಇದೊಂದು ಬೇಡ ಅನ್ನಲು ಅಕ್ಕನಿಗೆ ಮನಸ್ಸಾಗಲಿಲ್ಲ.

"ಏನದು?" ಚಿಕ್ಕಪ್ಪ ಕೇಳಿದರು.

"ಲಾಂಡ್ರಿಯ ಕ್ಯಾಮೆರಾ ಡಿಸ್ಕು."

"ಅದು ಸುಟ್ಟು ಹೋಯ್ತು ಅಂದ್ರಲ್ಲ."

"ಹಾಗಂತ ಎಲ್ಲರೂ ಅಂದ್ಕೊಂಡಿದ್ರು."

ಮೊಳೆ ಡಿಸ್ಕು ಜೋಡಿಸಿದಳು. ಮೊದಲೇ ಸಿದ್ಧಮಾಡಿಟ್ಟಿದ್ದ ಪೆನ್‌ಡ್ರೈವ್ ಚುಚ್ಚಿದಳು. ಯಂತ್ರ ಅದರಿಂದ ಎದ್ದಿತು, ಡಿಸ್ಕನ್ನು ಗುರುತು ಹಿಡಿಯಿತು, ದಿನಗಳ ಪಟ್ಟಿ ತೆರೆಯಿತು. ಅವಳು ಬೆಂಕಿ ಬಿದ್ದ ಸಂಜೆಯನ್ನು ಒತ್ತಿದಳು.

ಲಾಂಡ್ರಿಯ ಒಳಭಾಗ. ಇಸ್ತ್ರಿ ಮೇಜು, ಬಟ್ಟೆಯ ಕಪಾಟು, ಹಿಂಬಾಗಿಲು. ಇಸ್ತ್ರಿಯಮ್ಮ ಕೊನೆಯ ಕಟ್ಟು ಬಿಗಿದಳು. ಪೆಟ್ಟಿಗೆಯನ್ನು ನಿಲ್ಲಿಸಿದಳು. ಸ್ವಿಚ್ಚು ಆರಿಸಿದಳು. ಪ್ಲಗ್ಗು ಕಿತ್ತಳು. ವೈರನ್ನು ಹಿಡಿಗೆ ಸುತ್ತಿ, ಚೀಲ ಎತ್ತಿಕೊಂಡು ಹೋದಳು.

"ಆರಿಸಿದ್ರು" ಅಂದಳು ಮೊಳೆ. "ಅಕ್ಕ, ಆರಿಸಿದ್ರು ನೋಡು. ಎಷ್ಟು ಚೆನ್ನಾಗಿ ಕಾಣಿಸ್ತಿದೆ."

ಅಕ್ಕ ಉಸಿರು ಬಿಟ್ಟಳು. ಇಷ್ಟೇ ಸಾಕು. ಇಷ್ಟನ್ನು ಮಧ್ಯಾಹ್ನ ಮೇಜಿನ ಮೇಲಿಟ್ಟರೆ ಇಸ್ತ್ರಿಯಮ್ಮ ತಲೆಯೆತ್ತಿ ಮನೆಗೆ ಹೋಗಬಹುದು. ಮೊಳೆಯ ಕೈಯನ್ನು ತಡೆಯಬಹುದಿತ್ತು. ತಡೆಯಲಿಲ್ಲ.

ಖಾಲಿ ಕೋಣೆ ಓಡುತ್ತ ಹೋಯಿತು. ಆಮೇಲೆ ಹಿಂಬಾಗಿಲು ಒಳಕ್ಕೆ ತೆರೆದುಕೊಂಡಿತು. ಯಾರೋ ಕೀಲಿಕೈ ಹಾಕಿಯೇ ತೆರೆದಿದ್ದರು. ಒಬ್ಬ ಮುದುಕ ಒಳಗೆ ಬಂದು, ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿ, ಕ್ಯಾಮೆರಾದ ಕಡೆಗೇ ತಲೆಯೆತ್ತಿದ.

ಮೊಳೆಯ ಬೆರಳು ಹಾಗೇ ನಿಂತಿತು. ಚಿತ್ರವೂ ನಿಂತಿತು.

ಅವಳು ಕಟ್ಟಿದ ಯಂತ್ರ ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ. ಅಂಗಿಯ ಜೇಬಿನಲ್ಲಿದ್ದ ಬೈಂಡಿಂಗ್ ಸೂಜಿಯವರೆಗೆ ಎಲ್ಲವೂ ಸ್ಪಷ್ಟವಾಗಿತ್ತು.

ಇಬ್ಬರೂ ಹೆಣ್ಣುಮಕ್ಕಳು ತಿರುಗಿ ಅಪ್ಪನನ್ನು ನೋಡಿದರು. ಅವರು ಪರದೆಯನ್ನೇ ನೋಡುತ್ತಿದ್ದರು. ಮುಖದಲ್ಲಿ ಗಾಬರಿಯಿರಲಿಲ್ಲ. ಬೆಳಿಗ್ಗೆಯಿಂದ ಇದ್ದ ಹೆಮ್ಮೆ ಇನ್ನೂ ಪೂರ್ತಿ ಆರಿರಲಿಲ್ಲ.

"ಒಳ್ಳೇ ಮಷೀನು ಮಾಡಿದ್ದೀಯ ಮಗಳೇ" ಅಂದರು. "ನಿಲ್ಲಿಸಬೇಡ, ಓಡಿಸು. ನನ್ನ ಹಿಂದೆ ಇನ್ನೊಬ್ಬ ಬರ್ತಾನೆ. ಅವನನ್ನೂ ನೋಡಿ."

ಬಾಗಿಲ ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು.